ಸ್ವಲ್ಪ ನಿಲ್ಲಪ್ಪಾ

ಸ್ವರ್ಗದ ಬಾಗಿಲ ಮುಂದಿನ ಕೊನೆಯ ಮೆಟ್ಟಿಲಿಗೆ ಇಟ್ಟ ಕಾಲನ್ನು ಬಸ್ ಡ್ರೈವರ್ ಹಿಂದಕ್ಕೆ ತೆಗೆದ. ಸತ್ತ ಮೇಲೆ, ಪಾಪ ತೊಳೆದುಕೊಳ್ಳಲು ಎಲ್ಲರೂ ಹತ್ತಬೇಕಾದ ಶುದ್ಧೀಕರಣದ ಬೆಟ್ಟವನ್ನು ಏದುಸಿರು ಬಿಡುತ್ತಾ ಹತ್ತಿ ಬಂದಿದ್ದ ಅವನಿಗೆ ಕೆಳಗಿನ ತಿರುವಿನಿಂದ ಯಾರೋ ಮುದುಕಿಯ ಕೂಗು ಕೇಳಿಸಿತ್ತು: "ಸ್ವಲ್ಪ ನಿಲ್ಲಪ್ಪಾ!"

ಬಾಗಿಲೊಳಗೆ ಅವನಿಗಾಗಿ ಕಾಯುತ್ತಿದ್ದ ಅಮ್ಮನಿಗೂ ಅದು ಕೇಳಿಸಿ, ಮಗ ಏನು ಮಾಡುತ್ತಾನೋ ಎಂದು ಕತ್ತು ಚಾಚಿ ನೋಡಿದಳು. ಬದುಕಿದ್ದಾಗ ಆ ಕೂಗಿಗೆ ಅವನು ಬ್ರೇಕ್ ಹಾಕಿದವನೇ ಅಲ್ಲ. ಬಸ್ಸಿನ ಹಿಂದೆ ಓಡಿ ಬರುವವರನ್ನು ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. ಒಂದು ಸಲವಂತೂ ಹೆತ್ತ ತಾಯಿಯನ್ನೇ ನಿಲ್ದಾಣದಲ್ಲಿ ಬಿಟ್ಟು ಹೋಗಿದ್ದ.

"ಬಾಗಿಲು ಮುಚ್ಚೋ ಹೊತ್ತಾಯ್ತು," ಎಂದ ದೇವದೂತ. "ಮತ್ತೆ ಯಾವಾಗ ತೆಗೀತಾರೋ ನನಗೂ ಗೊತ್ತಿಲ್ಲ."

ಡ್ರೈವರ್ ಕೆಳಗೆ ನೋಡಿದ. ಮುದುಕಿ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಿದ್ದಳು.

"ಮುಚ್ಕೊಳ್ಳಿ ಸ್ವಾಮಿ, ಪರವಾಗಿಲ್ಲ," ಎಂದವನೇ ಬಾಗಿಲತ್ತ ಹತ್ತಿ ಬರುತ್ತಿದ್ದವರ ನಡುವೆಯೇ ದಡದಡ ಇಳಿದ. "ಅಲ್ಲೇ ಇರಜ್ಜೀ, ಬಂದೆ! ಬೆನ್ನ ಮೇಲೆ ಕೂತ್ಕೊಳ್ಳೋವಂತೆ."

ಅಮ್ಮ ಪಕ್ಕದಲ್ಲಿದ್ದವಳ ತೋಳು ಹಿಡಿದು ಅಲ್ಲಾಡಿಸಿದಳು. "ನೋಡ್ರೀ, ನನ್ನ ಮಗ!"

"ಯಾರು, ಆ ಹತ್ತಿ ಬರ್ತಿರೋರಾ?"

"ಅಲ್ಲ ಕಣ್ರೀ," ಅಮ್ಮ ತಲೆಯೆತ್ತಿ ಸ್ವರ್ಗಕ್ಕೆಲ್ಲ ಕೇಳುವಂತೆ ಹೇಳಿದಳು, "ಇಳಿದು ಹೋಗ್ತಿದಾನಲ್ಲ, ಅವನು!"