ಹಿಂದಿನ ಕೋಣೆಯ ಚಾಪೆ

ಮನೆಯ ಹೆಂಗಸು "ಸುಸ್ತು" ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ... "ಒಂದು ಲೋಟ ಟೀ ಕುಡಿ, ಸರಿ ಹೋಗುತ್ತೆ" ಅಂದುಬಿಡುತ್ತಾರೆ.

ದಾವಣಗೆರೆಯ ಕೊಟ್ರಮ್ಮನೂ ಹಾಗೆ ಟೀ ಕುಡಿದೇ ತಿಂಗಳುಗಳನ್ನು ದೂಡಿದ್ದಳು.

ಮಂಡಕ್ಕಿ ಭಟ್ಟಿಯ ಕೆಲಸ, ಬಂದು ರೊಟ್ಟಿ ಬಡಿಯುವುದು, ನೀರು ತುಂಬುವುದು... ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಮನೆಯಲ್ಲಿ ಅವಳು ಮತ್ತು ಅತ್ತೆ ಹಾಲಮ್ಮ, ಇಬ್ಬರೇ.

ಹಾಲಮ್ಮನ ಮಡಿ ಇಡೀ ಓಣಿಗೇ ಗೊತ್ತು. ಸೊಸೆ ಮುಟ್ಟಾದರೆ ಹಿಂದಿನ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ. ಮದುವೆಯಾಗಿ ಬಂದಾಗಿನಿಂದ ಅದೇ ರೂಢಿ.

ಮುಟ್ಟು ನಿಂತ ಮೇಲೆ ಅತ್ತೆ ಎಣ್ಣೆ ಬಟ್ಟಲನ್ನು ಅವಳ ಕೈಗಿಟ್ಟಿದ್ದಳು. "ಇನ್ಮುಂದೆ ದೇವರ ದೀಪ ನಿಂದೇ ಕಣವ್ವ."

ಆ ಮನೆಯಲ್ಲಿ ಕೊಟ್ರಮ್ಮನಿಗೆ ಸಿಕ್ಕ ಮೊದಲ ಮರ್ಯಾದೆ ಅದು...

ಅದಾಗಿ ನಾಲ್ಕೈದು ವರ್ಷ ಕಳೆದಿರಬೇಕು. ಒಂದು ದಿನ ಮತ್ತೆ ರಕ್ತ ಕಾಣಿಸಿತು.

ನಿಂತ ಮುಟ್ಟು ತಿರುಗಿ ಬಂತು ಅಂದುಕೊಂಡಳು. ಬಾಯಿಬಿಟ್ಟರೆ ಮತ್ತೆ ಆ ಚಾಪೆ... ಈ ವಯಸ್ಸಿನಲ್ಲಿ! ಕೈಯಲ್ಲಿದ್ದ ದೀಪವೂ ಹೋಗುತ್ತದೆ.

ಮುಚ್ಚಿಟ್ಟಳು. ಬಟ್ಟೆ ಒಗೆದು ಸೀರೆಯ ಮರೆಯಲ್ಲಿ ಒಣಹಾಕಿದಳು. ಅಳುಕುತ್ತಲೇ ದೀಪ ಹಚ್ಚಿದಳು.

ರಕ್ತ ನಿಲ್ಲಲಿಲ್ಲ. ಜೊತೆಗೆ ವಾಸನೆಯ ಬಿಳಿಮುಟ್ಟು, ಸೊಂಟನೋವು.

"ಮೈಲಿಗೆಯಲ್ಲಿ ದೇವರ ಹತ್ರ ಹೋದೆನಲ್ಲ, ಅದಕ್ಕೇ ಈ ಶಿಕ್ಷೆ" ಅಂತ ಹರಕೆ ಹೊತ್ತಳೇ ಹೊರತು... ಡಾಕ್ಟರ ಹತ್ತಿರ ಹೋಗಲಿಲ್ಲ.

ಕೊನೆಗೊಂದು ಬೆಳಗ್ಗೆ ಒಲೆಯ ಮುಂದೆಯೇ ಕುಸಿದಳು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟು ದೂರವೂ ಹಾಲಮ್ಮ ಬೈದಳು. "ಹೊತ್ತಿಗೆ ಸರಿಯಾಗಿ ಉಣ್ಣು ಅಂದ್ರೆ ಕೇಳಂಗಿಲ್ಲ. ಬಿದ್ರೆ ಭಟ್ಟಿ ಸಾಹುಕಾರ ಬಂದು ಎತ್ತುತಾನೇನು?"

ಡಾಕ್ಟರಮ್ಮ ಪರದೆ ಎಳೆದು, ಒಂದೊಂದೇ ಕೇಳಿ ತಿಳಿದುಕೊಂಡು ಪರೀಕ್ಷೆ ಮಾಡಿದರು. ಒಳಗಿಂದ ಒಂದು ಸಣ್ಣ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಅವರ ಮುಖ ಸಪ್ಪಗಾಗಿತ್ತು...

"ಗರ್ಭಕೋಶದ ಬಾಯಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಇರಬಹುದು ಅಂತ ಅನುಮಾನ. ಮುಟ್ಟು ನಿಂತ ಮೇಲೆ ಬರೋ ರಕ್ತ ಮುಟ್ಟಲ್ಲ ಅಮ್ಮ, ಒಂದು ಹನಿ ಕಂಡ್ರೂ ಬರಬೇಕಿತ್ತು. ಯಾಕೆ ಇಷ್ಟು ತಿಂಗಳು ಸುಮ್ಮನಿದ್ರಿ?"

ಕೊಟ್ರಮ್ಮ ಅತ್ತೆಯ ಕಡೆ ತಿರುಗಲಿಲ್ಲ. "ಕೆಲಸದ ಗಡಿಬಿಡೀಲಿ... ಲಕ್ಷ್ಯ ಕೊಡ್ಲಿಲ್ರಿ."

ಮೂಲೆಯ ಸ್ಟೂಲಿನಿಂದ ಮುದುಕಿಯ ದನಿ ಬಂತು.

"ಸುಳ್ಳು ಹೇಳ್ತಾಳೆ ಡಾಕ್ಟರಮ್ಮ... ನನಗೆ ಹೆದರಿ ಮುಚ್ಚಿಟ್ಟಾಳೆ."

ವಾಪಸ್ ಬರುವಾಗ ಆಟೋದಲ್ಲಿ ಬೈಗುಳವಿರಲಿಲ್ಲ. ಅದಕ್ಕೇ ಕೊಟ್ರಮ್ಮನಿಗೆ ಹೆಚ್ಚು ಭಯವಾಯಿತು.

ಮನೆಗೆ ಬಂದವಳು ಯಾರೂ ಹೇಳದೆಯೇ ಕಾಲು ತೊಳೆದು, ಸ್ವಲ್ಪ ಹೊತ್ತು ಹಿತ್ತಲ ಕಟ್ಟೆಯ ಮೇಲೆ ಕೂತು, ಹಿಂದಿನ ಕೋಣೆಗೆ ಹೋದಳು.

ಚಾಪೆ ಇರಲಿಲ್ಲ.

"ಅತ್ತೆ... ಚಾಪೆ ಎಲ್ಲೈತಿ?"

"ನೀರೊಲೆಗೆ ಹಾಕಿದೆ. ನಿನ್ನ ಸ್ನಾನಕ್ಕೆ ನೀರು ಕಾಯ್ತಾ ಐತಿ."

ಸ್ನಾನ ಮಾಡಿ ಬಂದಾಗ ಅತ್ತೆಯ ಮಂಚದ ಮೇಲೆ ತೊಳೆದ ಹೊದಿಕೆ ಹಾಸಿತ್ತು, ಅವಳಿಗಾಗಿ. ಹಾಲಮ್ಮ ಎಣ್ಣೆ ಬಟ್ಟಲು ಹಿಡಿದು ದೇವರ ಮುಂದೆ ನಿಂತಿದ್ದಳು.

"ಬಾ, ದೀಪ ಹಚ್ಚು."

"ಇನ್ನೂ ರಕ್ತ ಹೋಗ್ತಾ ಐತಿ ಅತ್ತೆ..."

"ಹೋಗ್ಲಿ ಬಿಡು. ಮೂವತ್ತು ವರ್ಷ ನಿನ್ನ ಮೂಲೆಗೆ ಕೂರಿಸಿದ್ದು ನಾನು, ದೇವರಲ್ಲ."

ಕೊಟ್ರಮ್ಮ ಕಡ್ಡಿ ಗೀರಿದಳು. ಆ ಕೈ ಮೇಲೆ ಮುದುಕಿ ತನ್ನ ಕೈ ಇಟ್ಟಳು.

ಬತ್ತಿ ಹೊತ್ತಿಕೊಂಡಿತು.

ರಿಪೋರ್ಟ್ ಬಂತು. ಕ್ಯಾನ್ಸರೇ. "ಮೊದಲೇ ಬಂದಿದ್ರೆ ಬರೀ ಆಪರೇಷನ್‌ನಲ್ಲಿ ಮುಗೀತಿತ್ತೇನೋ. ಈಗ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕಿಮೋ ಬೇಕು. ಆದ್ರೂ ಗುಣ ಆಗೋ ಹಂತದಲ್ಲೇ ಇದ್ದೀರಿ" ಅಂದರು ಡಾಕ್ಟರಮ್ಮ.

ಸುಲಭವಾಗಿರಲಿಲ್ಲ. ವಾಂತಿ, ಭೇದಿ, ಗೋಡೆ ಹಿಡಿದು ನಡೆಯುವ ದಿನಗಳು... ರೇಡಿಯೇಷನ್ ಕೋಣೆಯ ಹೊರಗೆ ಗಂಜಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಾಲಮ್ಮ ಪ್ರತಿ ಸಲವೂ ಕೂತಿರುತ್ತಿದ್ದಳು. ಗಂಡನೂ ದೂರದ ಲೋಡು ಬಿಟ್ಟು ಊರಲ್ಲೇ ಉಳಿದ.

ಈಗ ಚಿಕಿತ್ಸೆ ಮುಗಿದಿದೆ. ತಪಾಸಣೆಗೆ ಹೋಗುತ್ತಲೇ ಇರಬೇಕು. ಸುಸ್ತು ಇನ್ನೂ ಪೂರ್ತಿ ಬಿಟ್ಟಿಲ್ಲ...

ಆದರೆ ಓಣಿಯ ನಲ್ಲಿಯ ಹತ್ತಿರ ಹಾಲಮ್ಮ ಸಿಕ್ಕರೆ ಹೆಂಗಸರಿಗೆ ಬಿಡುಗಡೆಯಿಲ್ಲ. "ಏನವ್ವಾ, ನಿಂತ ಮೇಲೆ ಮತ್ತೆ ರಕ್ತ ಗಿಕ್ತ ಕಂಡೈತೇನು? ಆಸ್ಪತ್ರೇಲಿ ಟೆಸ್ಟ್ ಮಾಡಿಸ್ದ್ಯಾ? ಮಗಳಿಗೆ ಈ ಕ್ಯಾನ್ಸರ್ ತಡೆಯೋ ಲಸಿಕೆ ಕೇಳ್ದ್ಯಾ?"

"ಅಯ್ಯೋ ಅಜ್ಜಿ, ಮೆಲ್ಲಗೆ! ಗಂಡಸರಿದ್ದಾರೆ!"

"ಇರ್ಲಿ ಬಿಡೇ, ಅವರೂ ಕೇಳಲಿ! ಮೆಲ್ಲಗೆ ಮೆಲ್ಲಗೆ ಅಂತಲೇ ನನ್ನ ಸೊಸೇನ ಕಳ್ಕೊಳ್ತಿದ್ದೆ."

*

ಹೇಳಲು ಹೆದರುವ ಮನೆಯಲ್ಲಿ ಕಾಯಿಲೆಗೆ ಬೆಳೆಯಲು ಬೇಕಾದಷ್ಟು ಜಾಗ ಸಿಗುತ್ತದೆ.

"ಏನಿಲ್ಲ, ಬರೀ ಸುಸ್ತು" ಅಂದ ನಿಮ್ಮ ಮನೆಯವರನ್ನು, ಪಕ್ಕದಲ್ಲಿ ಕೂರಿಸಿಕೊಂಡು "ನಿಜ ಹೇಳು, ಏನಾಗ್ತಿದೆ?" ಅಂತ ನೀವು ಕೊನೆಯ ಸಲ ಕೇಳಿದ್ದು ಯಾವಾಗ...?