ಕಂಬವೋ, ತೋಳೋ

ಐವರು ಮಕ್ಕಳು ರೋಬೋಟನ್ನು ನಾಲ್ಕನೇ ಮಹಡಿಯವರೆಗೆ ಮೆಟ್ಟಿಲ ಮೇಲೆ ಹೊತ್ತು ತಂದು, ಸೋಫಾದ ಮೇಲೆ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದರು. ಆಗಲೇ ಅವರಲ್ಲೊಬ್ಬಳ ಅಪ್ಪ ತನ್ನ ಕಂಬವನ್ನು ತಂದು ಊಟದ ಮೇಜಿನ ಮೇಲೆ ನಿಲ್ಲಿಸಿದ. ಲಿಫ್ಟ್ ಮೆಕ್ಯಾನಿಕ್ ಒಬ್ಬನಿಗೆ ಇದಕ್ಕಿಂತ ಕೆಟ್ಟ ಗಳಿಗೆ ಹುಡುಕಿದರೂ ಸಿಗುತ್ತಿರಲಿಲ್ಲ.

ಮುಂದಿನ ತಿಂಗಳು ಶಾಲೆಗಳ ನಡುವೆ ರೋಬೋಟ್ ಸ್ಪರ್ಧೆ. ನೆಲದ ಮೇಲಿನ ಪೆಟ್ಟಿಗೆಗಳನ್ನು ಎತ್ತಿ ಎತ್ತರದ ಹಲಗೆಯ ಮೇಲಿಡಬೇಕು. ಎತ್ತುವುದು ಹೇಗೆ ಎಂಬುದೊಂದೇ ಇನ್ನೂ ತೀರ್ಮಾನವಾಗಿರಲಿಲ್ಲ. ಮಕ್ಕಳು ಮೊದಲಿಂದಲೂ ಅಂದುಕೊಂಡದ್ದು ಮೊಣಕೈ ಇರುವ ಒಂದು ತೋಳು. ಅಪ್ಪ ಮಾಡಿದ್ದು, ಹಗ್ಗ ಎಳೆದರೆ ಒಂದರೊಳಗಿಂದ ಒಂದು ಮೇಲೇಳುವ ಕೊಳವೆಗಳ ಕಂಬ. ಎಷ್ಟೋ ಸಂಜೆ ಕೆಲಸದಿಂದ ಬಂದವನು ಬಟ್ಟೆಯನ್ನೂ ಬದಲಿಸದೆ ಅದರ ಮುಂದೆ ಕೂತಿದ್ದ. ತಂಡಕ್ಕೆ ಮಗಳೇ ನಾಯಕಿ. ಅವಳ ರೋಬೋಟಿನಲ್ಲಿ ತನ್ನ ಕೈಕೆಲಸವೂ ಇರಲಿ ಎಂಬುದು ಅವನ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕಂಬದ ತುದಿಯಲ್ಲಿ ಉಪ್ಪಿನ ಡಬ್ಬಿ ಇಟ್ಟು ಅಪ್ಪ ಹಗ್ಗ ಎಳೆದ. ಡಬ್ಬಿ ಸದ್ದಿಲ್ಲದೆ ಮೇಲೇರಿ ಫ್ಯಾನಿನ ಹತ್ತಿರ ನಿಂತಿತು. ಮಕ್ಕಳು ಬಾಯಿ ತೆರೆದು ನೋಡಿದರು. ಕನ್ನಡಕದ ಹುಡುಗಿ ಮಾತ್ರ ನೀರಿನ ಲೋಟ ಖಾಲಿ ಮಾಡಿ ಕೇಳಿದಳು:

"ಅಂಕಲ್, ಈ ಬಿಲ್ಡಿಂಗ್ ಲಿಫ್ಟೂ ನೀವೇ ನೋಡ್ಕೊಳ್ಳೋದಾ?"

"ಹೌದಮ್ಮ. ಕಂಪನಿಯಿಂದ ಒಂದು ಪಾರ್ಟ್ ಬರಬೇಕು."

ಹುಡುಗಿ ಮರ್ಯಾದೆಯಿಂದ ತಲೆಯಾಡಿಸಿದಳು. ಆಮೇಲೆ ಕೈ ಎತ್ತಿಸಿ ನೋಡಿದರೆ ಕಂಬದ ಕಡೆ ಇಬ್ಬರು, ತೋಳಿನ ಕಡೆ ಇಬ್ಬರು. ಎಲ್ಲರೂ ನಾಯಕಿಯತ್ತ ತಿರುಗಿದರು. ಮಗಳು ಅಪ್ಪನ ಮುಖ ನೋಡದೆ, ತೋಳೇ ಇರಲಿ ಎಂದಳು.

ರೋಬೋಟನ್ನು ಮತ್ತೆ ಹೊರುವ ತ್ರಾಣ ಯಾರಿಗೂ ಇಲ್ಲದ್ದರಿಂದ ಅದನ್ನು ಅಲ್ಲೇ ಬಿಟ್ಟು ಉಳಿದ ಮಕ್ಕಳು ಹೊರಟುಹೋದರು. ಅಪ್ಪ ಇನ್ನೂ ಹಗ್ಗ ಹಿಡಿದೇ ನಿಂತಿದ್ದ. ಬಿಟ್ಟರೆ ಡಬ್ಬಿ ಕೆಳಗೆ ಬೀಳುತ್ತಿತ್ತು.

"ಚೆನ್ನಾಗಿರ್ಲಿಲ್ವಾ?" ಎಂದು ಕೇಳಿದ.

"ತೋಳಿಗಿಂತ ಚೆನ್ನಾಗಿತ್ತು."

"ಮತ್ತೆ?"

ಮಗಳು ರೋಬೋಟಿನ ಚಕ್ರವನ್ನು ಬೆರಳಿಂದ ತಿರುಗಿಸುತ್ತಾ ಕೂತಳು. "ಸ್ಪರ್ಧೇಲಿ ತೋಳು ಕೆಟ್ರೆ ನನ್ನ ಬೈತಾರೆ. ಕಂಬ ಕೆಟ್ರೆ ನಿನ್ನ ಬೈತಾರೆ. ನಿನ್ನ ಬೈಯೋಕೆ ಈ ಬಿಲ್ಡಿಂಗೇ ಸಾಕಲ್ವಾ ಅಪ್ಪ?"

ಅಪ್ಪ ಏನೋ ಹೇಳಬೇಕು ಅನ್ನುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಐದನೇ ಮಹಡಿಯ ಆಂಟಿಯೇ ಇರಬೇಕು. ಲಿಫ್ಟ್ ಕೆಟ್ಟಾಗಿನಿಂದ ದಿನವೂ ಇಲ್ಲಿ ನಿಂತು, ಸುಧಾರಿಸಿಕೊಂಡು, ಮೆಕ್ಯಾನಿಕ್ಕನಿಗೆ ನಾಲ್ಕು ಮಾತು ಅಂದು, ಆಮೇಲೆ ಉಳಿದ ಮೆಟ್ಟಿಲು ಹತ್ತುವುದು ಅವರ ರೂಢಿ.

ಮಗಳು ಎದ್ದುಹೋಗಿ, ತನ್ನ ಮುಖ ಕಾಣುವಷ್ಟೇ ಬಾಗಿಲು ತೆರೆದಳು.

"ಅಪ್ಪ ಮನೇಲಿಲ್ಲ ಆಂಟಿ. ಲಿಫ್ಟ್ ಪಾರ್ಟ್ ತರೋಕೇ ಹೋಗಿದಾರೆ."

ಒಳಗೆ ಅಪ್ಪ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದ. ಫ್ಯಾನಿನ ಕೆಳಗೆ ಉಪ್ಪಿನ ಡಬ್ಬಿ ಒಂದಿಷ್ಟೂ ಅಲುಗಲಿಲ್ಲ.