ಆಯಿಲ್ ಕುಡಿದ ಜೀಪು

ಮೆಕ್ಯಾನಿಕ್ ಮಜೀದ್ ಸಾಬರು ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ಅದರ ಸದ್ದು ಕೇಳುತ್ತ ನಿಂತರು. ಹಳೆಯ ಜೀಪು ನಿಂತಲ್ಲೇ ಎಗರಾಡುತ್ತಿತ್ತು. ಹಿಂದಿನಿಂದ ನೀಲಿ ಹೊಗೆ ಎದ್ದು ತರೀಕೆರೆಯ ಮಧ್ಯಾಹ್ನದ ಬಿಸಿಲಲ್ಲಿ ಕರಗುತ್ತಿತ್ತು.

"ಪಿಸ್ಟನ್ ರಿಂಗು ಸವೆದೋಗಿದ್ರೆ ಹೇಳ್ಬಿಡಿ ಸಾಬ್ರೆ. ಇದರ ಸಹವಾಸ ಸಾಕಾಗೋಗೈತೆ" ಎಂದರು ಸೋಮಶೇಖರಪ್ಪ. ಬುಕ್ಕಾಂಬುಧಿಯಿಂದ ಬರುವಷ್ಟರಲ್ಲಿ ಜೀಪು ಎರಡು ಸಲ ನಿಂತಿತ್ತು.

ಹಿಂದಿನ ಸೀಟಿನಲ್ಲಿ ಅವರ ಮಗಳು ಪಂಕಜಾಕ್ಷಿ ಕೂತಿದ್ದಳು. ಬ್ಯಾಂಕಿನ ಅರ್ಜಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಲೆಂದು ಬಂದವಳು. ಈ ಜೀಪಿನಲ್ಲಿ ವಾರಕ್ಕೆ ಒಂದು ಲೀಟರ್ ಆಯಿಲ್ ಮಾಯವಾಗುತ್ತಿತ್ತು. ಡ್ರೈವರ್ ಕಲ್ಲಪ್ಪ ಕದ್ದು ಮಾರುತ್ತಾನೆಂದು ಅಪ್ಪನ ಗುಮಾನಿ. ಇಲ್ಲವೆನ್ನುವುದಾದರೆ ವೀರಭದ್ರನ ಗುಡಿಯಲ್ಲಿ ಆಣೆ ಇಡು ಎಂದಿದ್ದರು. ತನ್ನ ಮಗಳು ಹೆರಿಗೆಗೆ ಬಂದಿದ್ದಾಳೆ, ಬಸುರಿಯನ್ನು ಮನೆಯಲ್ಲಿಟ್ಟುಕೊಂಡು ಆಣೆ ಇಡಲಾರೆ ಎಂದು ಕಲ್ಲಪ್ಪ ಕೈ ಮುಗಿದಿದ್ದ. ಕಳ್ಳನೆಂದು ತೀರ್ಮಾನಿಸಲು ಅಷ್ಟೇ ಸಾಕಾಯಿತು. ಕೆಲಸ ಹೋಗಿ ತಿಂಗಳಾದರೂ ಸುತ್ತಿನ ಊರುಗಳಲ್ಲಿ ಯಾರೂ ಅವನ ಕೈಗೆ ಗಾಡಿ ಕೊಟ್ಟಿರಲಿಲ್ಲ.

ಅವನು ಆಯಿಲ್ ಡಬ್ಬಿಯನ್ನು ಕೊನೆಯ ಹನಿಯವರೆಗೂ ಎಂಜಿನ್ನಿಗೇ ಬಗ್ಗಿಸುತ್ತಿದ್ದುದನ್ನು ಪಂಕಜಾಕ್ಷಿ ಕಿಟಕಿಯಿಂದ ಎಷ್ಟೋ ಬೆಳಿಗ್ಗೆ ನೋಡಿದ್ದಳು. ಆದರೆ ಆಣೆಯ ಮಾತು ನಡೆದ ದಿನ ಮನೆಯ ಜಗಲಿಯಲ್ಲಿ ಅಷ್ಟು ಜನರ ಮುಂದೆ ಅದನ್ನು ಹೇಳಲು ಅವಳಿಗೆ ಬಾಯೇ ಬರಲಿಲ್ಲ. ಈಗ ಜೀಪಿನ ಕೀ ಅಪ್ಪನ ಜೇಬಿನಲ್ಲೇ ಇರುತ್ತಿತ್ತು. ಆಯಿಲ್ ಇಳಿಯುವುದು ಮಾತ್ರ ನಿಂತಿರಲಿಲ್ಲ.

ಸಾಬರು ಎಂಜಿನ್ನಿನ ಪಕ್ಕದ ಒಂದು ಸಣ್ಣ ಪೈಪನ್ನು ಬಿಚ್ಚಿ, ಅದರ ತುದಿಗಿದ್ದ ವಾಲ್ವಿನ ಬಾಯಿಗೆ ಹೆಬ್ಬೆರಳು ಒತ್ತಿದರು. ಎಗರಾಟ ನಿಂತು ಎಂಜಿನ್ ಸಮವಾಯಿತು. ಬೆರಳು ತೆಗೆದರು, ಮತ್ತೆ ಎಗರಾಟ. ಎಂಜಿನ್ ಆಫ್ ಮಾಡಿಸಿ, ವಾಲ್ವನ್ನು ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಟಕಟಕ ಎನ್ನಬೇಕಿದ್ದ ಒಳಗಿನ ತುಂಡು ಅಲುಗಲಿಲ್ಲ.

"ರಿಂಗಲ್ಲ ಯಜಮಾನ್ರೆ. ಎಂಜಿನ್ ಒಳಗಿನ ಹೊಗೆ ಹೊರಕ್ಕೆ ಬಿಡದೆ ವಾಪಸ್ ಎಳ್ದು ಸುಡೋಕೆ ಇದನ್ನ ಇಟ್ಟಿರೋದು. ಮಡ್ಡಿ ಕಟ್ಕೊಂಡು ಬಾಯಿ ತೆರ್ಕೊಂಡೇ ನಿಂತ್ಬಿಟ್ಟೈತೆ. ಹೊಗೆ ಜೊತೆ ಆಯಿಲ್ಲೂ ಕುಡೀತಾ ಐತೆ."

"ಎಷ್ಟು ದಿನದಿಂದ?"

"ಈ ಮಡ್ಡಿ ನೋಡಿದ್ರೆ ವರ್ಷ ಆಗಿರ್ಬೇಕು."

ಸೋಮಶೇಖರಪ್ಪ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತರು. ಸಾಬರು ಮೂಲೆಯಲ್ಲಿದ್ದ ಗುಜರಿ ಜೀಪಿನಿಂದ ಅಂಥದೇ ವಾಲ್ವು ಬಿಚ್ಚಿ ತಂದು, ಪೆಟ್ರೋಲಿನಲ್ಲಿ ತೊಳೆದು ಕೂರಿಸಿದರು. ಮತ್ತೆ ಸ್ಟಾರ್ಟ್ ಮಾಡಿದಾಗ ಜೀಪು ಅಲುಗಲಿಲ್ಲ.

"ಅವ್ನು ಆಣೆ ಇಟ್ಟಿದ್ರೆ ಅವತ್ತೇ ಮುಗ್ದೋಗದು" ಎಂದರು ಸೋಮಶೇಖರಪ್ಪ, ಯಾರಿಗೆಂದಿಲ್ಲದೆ.

"ನನ್ನ ಕೇಳಿದ್ರೂ ಮುಗೀತಿತ್ತು ಅಪ್ಪಾಜಿ. ಕಲ್ಲಪ್ಪ ಆಯಿಲ್ ಪೂರ್ತಿ ಹಾಕೋದನ್ನ ನಾನು ಕಣ್ಣಾರೆ ನೋಡಿದ್ದೆ."

ಅಪ್ಪ ಅವಳ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಕೇಳ್ದೆ ಇದ್ರೆ ಹೇಳ್ಬಾರ್ದು ಅಂತಿತ್ತಾ?"

ಎಂಜಿನ್ ಈಗ ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ, ಅಪ್ಪನ ಆ ಪ್ರಶ್ನೆ ಬಾನೆಟ್ ಮುಚ್ಚುತ್ತಿದ್ದ ಸಾಬರಿಗೂ ಕೇಳಿಸಿತು.